ಯುಗಾದಿಯ ದಿನ ಮರಿಗೆ ನೀರೆರೆದದ್ದು

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೈಸೂರಿನ ನಮ್ಮ ಮನೆಯ ಹಳೇ ಹೆಂಚು ಇಳಿಸಿ ತಾರಸಿ ಹಾಕಿಸಲು ಹೊರಟಾಗ, ಆ ಮೂರು ತಿಂಗಳು ಇರಲಿಕ್ಕೆ ಗೆಳತಿಯೊಬ್ಬಳು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆಯ ಹಳ್ಳಿಯಲ್ಲಿ ಖಾಲಿ ಬಿದ್ದಿದ್ದ ತನ್ನ ಮನೆಯ ಬೀಗದ ಕೈ ಕೊಟ್ಟಳು. ಹೊಂಗೆ ಆಗಷ್ಟೇ ಚಿಗುರುತ್ತಿತ್ತು. ಮೊದಲ ವಾರ ನಾನು ಹಲ್ಲಿಗೆ, ನಾಯಿಗೆ, ಹಿತ್ತಲ ಬಾವಿಗೆ, ಕೊನೆಗೆ ನನ್ನದೇ ಬಾಗಿಲ ಚಿಲಕದ ಸದ್ದಿಗೂ ಹೆದರಿದೆ. ಹೆದರಿಕೆಯಾದಾಗಲೆಲ್ಲ ನಾನು ಏನಾದರೂ ತೊಳೆಯುತ್ತೇನೆ. ಆ ವಾರ ನೆಲವನ್ನು ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ಒರೆಸಿದೆ.

ಪಕ್ಕದ ಮನೆಯವರು ಕುರಿ ಸಾಕುವವರು. ಆ ಮನೆಯ ಯಜಮಾನಿ ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ಅಕ್ಕಾರೆ ಎನ್ನುತ್ತಿದ್ದಳು. ಸೊಂಟದಲ್ಲಿ ಸದಾ ನಶ್ಯದ ಡಬ್ಬಿ. ವರ್ಷಗಟ್ಟಲೆ ನಶ್ಯ ಏರಿಸಿ ಅವಳ ಮೂಗು ಸತ್ತೇಹೋಗಿತ್ತು. ಒಲೆಯ ಮೇಲೆ ಹಾಲು ಸೀದರೆ ಗೋಡೆಯಾಚೆಯಿಂದ ನಾನು ಕೂಗಿ ಹೇಳಬೇಕು. ನಮ್ಮ ಸ್ನೇಹ ಶುರುವಾದದ್ದೇ ಹಾಗೆ. ಸಂಜೆ ನನ್ನ ಜಗುಲಿಯಲ್ಲಿ ಕೂತು, “ಹೆದರಾಕೆ ಇವತ್ತು ಏನೂ ಸಿಗ್ಲಿಲ್ಲ ಅಂದ್ರೆ ಹೇಳ್ರಿ, ನಾನೇ ಹುಡುಕ್ಕೊಡ್ತೀನಿ” ಎಂದು ಛೇಡಿಸುತ್ತಿದ್ದಳು.

ಅವರ ಮಂದೆಯಲ್ಲಿ ಅವಳದು ಅಂತ ಇದ್ದದ್ದು ಒಂದೇ ಕುರಿ. ಮದುವೆಯಲ್ಲಿ ತವರಿನವರು ಬಳುವಳಿ ಕೊಟ್ಟ ಕುರಿಯ ಪೀಳಿಗೆಯದು. ಈಗ ಅದೂ ಮುದಿಯಾಗಿತ್ತು, ಹಾಕಿದ್ದೆಲ್ಲ ಟಗರುಮರಿ. ಯುಗಾದಿಗೆ ಎರಡು ದಿನ ಇದೆ ಎನ್ನುವಾಗ ಒಂದು ಕಪ್ಪು ಹೆಣ್ಣುಮರಿ ಹಾಕಿತು. ಅಕ್ಕ ಅದನ್ನು ಸೆರಗಲ್ಲಿ ಸುತ್ತಿಕೊಂಡು ನನಗೆ ತೋರಿಸಲು ಬಂದಳು. “ಇದು ಉಳಿದ್ರೆ ನಮ್ಮಪ್ಪ ಕೊಟ್ಟಿದ್ದು ಉಳೀತೈತೆ” ಎಂದಳು.

ಹಬ್ಬದ ದಿನ ಅವಳ ಮನೆ ತುಂಬ ನೆಂಟರ ಮಕ್ಕಳು. “ಹಬ್ಬ ನಮಗೆ, ಕುರಿಗೇನ್ ಹಬ್ಬ?” ಎಂದು ಮಂದೆ ಹೊಡೆದುಕೊಂಡು ಹೊರಟವಳು, ಮಕ್ಕಳು ಎಳೆದಾಡಿಯಾರೆಂದು ಮರಿಯನ್ನು ನನ್ನ ಜಗುಲಿಯಲ್ಲಿ ಬುಟ್ಟಿ ಕವುಚಿ ಬಿಟ್ಟುಹೋದಳು.

ಮಧ್ಯಾಹ್ನ ಬುಟ್ಟಿ ಎತ್ತಿ ನೋಡಿದರೆ ಮರಿಯ ಹಿಂಭಾಗವೆಲ್ಲ ಗಲೀಜು, ನೊಣ ಮುತ್ತಿವೆ. ಹುಳ ಬಿದ್ದರೆ ಏನು ಗತಿ ಎಂದು ನನಗೆ ಹೆದರಿಕೆ ಹತ್ತಿತು. ಊರೆಲ್ಲ ಎಣ್ಣೆನೀರು ಹಾಕಿಕೊಂಡ ದಿನ, ಇದಕ್ಕೂ ಆಗಲಿ ಎಂದುಕೊಂಡೆ. ಬಿಸಿನೀರು ಕಾಯಿಸಿ, ನನ್ನ ಗಂಧದ ಸೋಪು ಹಾಕಿ ಮೀಯಿಸಿ, ಟವೆಲಲ್ಲಿ ಒರೆಸಿ, ಮೇಲಿಷ್ಟು ಪೌಡರು ಬೇರೆ ಹಾಕಿದೆ. ನಾಚಿಕೆಯಾಗುತ್ತದೆ ಬರೆಯಲಿಕ್ಕೆ, ಆಗ ಮುದ್ದು ಉಕ್ಕಿ ಬಂದಿತ್ತು.

ಸಂಜೆ ಮಂದೆ ಬಂತು. ಮರಿ ಬ್ಯಾ ಎಂದು ಓಡಿತು. ಮುದಿಕುರಿ ಅದರ ಬಾಲದ ಬುಡ ಮೂಸಿ ತಲೆಯಿಂದ ಗುದ್ದಿತು. ಮರಿ ಮತ್ತೆ ಹೋಯಿತು, ಕುರಿ ಮತ್ತೆ ಗುದ್ದಿತು. ಅಕ್ಕ ಕುರಿಯನ್ನು ಹಿಡಿದು ಕೆಚ್ಚಲಿಗೆ ಬಾಯಿ ಹಚ್ಚಿಸಿದರೆ ಒದೆಯಿತು.

“ಮರಿಗೇನಾರ ಆತಾ ಅಕ್ಕಾರೆ?”

ನನಗೆ ಕೂಡಲೇ ಅರ್ಥವಾಗಿತ್ತು. ಮರಿಯ ಮೈಯಲ್ಲಿ ಈಗ ಇದ್ದದ್ದು ನನ್ನ ಸೋಪಿನ ವಾಸನೆ. “ಏನೂ ಇಲ್ಲ, ಮಲಗಿತ್ತು” ಎಂದೆ. ಸತ್ತ ಮೂಗಿನ ಹೆಂಗಸು ನನ್ನ ಮಾತು ನಂಬಿದಳು. ಕೆಚ್ಚಲು ಬಾವು ಇರಬೇಕೆಂದು ಅರಿಸಿನ ಹಚ್ಚಿದಳು, ಬಟ್ಟೆ ಬತ್ತಿಯಲ್ಲಿ ಹಸುವಿನ ಹಾಲು ಕುಡಿಸಲು ನೋಡಿದಳು. ಮರಿ ಉಗುಳಿತು. ನಾನು ಒಳಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ರಾತ್ರಿಯೆಲ್ಲ ಗೋಡೆಯಾಚೆ ಮರಿಯ ಕೂಗು ಕೇಳುತ್ತಿತ್ತು. ಬೆಳಗಿನ ಹೊತ್ತಿಗೆ ಅದು ಕೂಗುವುದನ್ನೇ ಬಿಟ್ಟಿತು. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಹೋಗಿ ನೋಡಿದರೆ ಮರಿ ಅಕ್ಕನ ತೊಡೆಯ ಮೇಲೆ ಕತ್ತು ಚೆಲ್ಲಿತ್ತು. ಅವಳ ಗಂಡ ಕುರಿಯ ಕೊರಳಿಗೆ ಹಗ್ಗ ಹಾಕುತ್ತಿದ್ದ.

“ಮುದಿಯಾತು, ಮರಿ ಬ್ಯಾಡಾಗೈತೆ ಇದಕ್ಕೆ” ಎಂದಳು ಅಕ್ಕ. “ಹೊಳಲ್ಕೆರೆಯಾಗೆ ಕಟುಕರಿಗೆ ಕೊಟ್ ಬರ್ತಾರೆ.”

“ಅಕ್ಕ, ಅದರದೇನೂ ತಪ್ಪಿಲ್ಲ. ನಾನು ಮರಿಗೆ ಸೋಪು ಹಾಕಿ ಸ್ನಾನ ಮಾಡಿಸಿದೆ.”

ಅವಳು ನನ್ನ ಮುಖವನ್ನೇ ನೋಡಿದಳು. “ನಿನ್ನೆ ಕೇಳಿದ್ನಲ್ರೀ?”

“ಹೆದರಿಕೆಯಾಯ್ತು.”

“ನಿಮಗೆ ಹೆದರಿಕೆ. ಇದಕ್ಕೆ ಹಸಿವು.”

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮರಿಯನ್ನು ಬರೀ ನೀರಲ್ಲಿ ಜಾಲಿಸಿ, ಕುರಿಯ ಹಾಲು ಹಿಂಡಿ ಅದರ ಮೈಗೆಲ್ಲ, ಬಾಲದ ಬುಡಕ್ಕೆ ಸವರಿದಳು. ಬೆನ್ನಿಗೆ ಉಪ್ಪು ಉಜ್ಜಿದಳು. ಕುರಿಯನ್ನು ಗೂಟಕ್ಕೆ ಗಿಡ್ಡಗೆ ಕಟ್ಟಿ, ಗಂಡನ ಕೈಲಿ ಹಿಡಿಸಿ, ಮರಿಯ ಬಾಯಿಗೆ ಮೊಲೆ ಇಟ್ಟಳು. ಮರಿ ಚೀಪಿತು. ಉಪ್ಪಿನಾಸೆಗೆ ಕುರಿ ಅದರ ಬೆನ್ನು ನೆಕ್ಕಿತು.

ಹೀಗೇ ಮೂರು ದಿನ. ಆ ಮೂರು ದಿನವೂ ಅಕ್ಕ ನನ್ನ ಜಗುಲಿ ಹತ್ತಲಿಲ್ಲ. ನಾನು ಗೋಡೆಗೆ ಕಿವಿಗೊಟ್ಟು ಕೂತಿರುತ್ತಿದ್ದೆ, ಮರಿಯ ದನಿಗೋ ಅವಳ ದನಿಗೋ ನನಗೇ ತಿಳಿಯದು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಬಂದು ಜಗುಲಿಯ ಮೇಲೆ ಬುಟ್ಟಿ ಕವುಚಿದಳು. ಒಳಗೆ ಮರಿ.

“ಬೇಡ ಅಕ್ಕ, ನನಗೆ ಹೆದರಿಕೆ” ಎಂದೆ, ಕೈ ಹಿಂದಕ್ಕೆ ಎಳೆದುಕೊಂಡು.

“ಅದಕ್ಕೇ ನಿಮ್ಮತ್ರ ಬಿಡ್ತಿರಾದು” ಎಂದು ಮೂಗಿಗೆ ನಶ್ಯ ಏರಿಸಿ, ಮಂದೆಯ ಹಿಂದೆ ಹೊರಟಳು.

ಅವತ್ತು ನಾನು ಸ್ನಾನ ಮಾಡಲಿಲ್ಲ. ಬುಟ್ಟಿಯಿಂದ ಎರಡು ಮಾರು ದೂರ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಸಂಜೆಯವರೆಗೂ ಕೂತಿದ್ದೆ. ಮಂದೆ ಬಂದಾಗ ನಾನೇ ಬುಟ್ಟಿ ಎತ್ತಬೇಕಾಯಿತು. ಕುರಿ ಬಾಲದ ಬುಡ ಮೂಸಿತು, ಇನ್ನೊಮ್ಮೆ ಮೂಸಿತು, ಆಮೇಲೆ ಮರಿ ಕುಡಿಯಲೆಂದು ಕಾಲು ಅಗಲಿಸಿ ನಿಂತಿತು.