ಫೇಡ್ ಮಾಡುವ ಕೆಲಸ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಜೋಗೇಶ್ವರಿಯ ನಮ್ಮ ವಾಷಿಂಗ್ ಯೂನಿಟ್ಟಿನ ಎರಡನೇ ಮಶೀನಿನಲ್ಲಿ ಜೀನ್ಸ್ ಪ್ಯಾಂಟುಗಳು ತಿರುಗುತ್ತಿದ್ದವು. ನಾನು ಒಂದನ್ನು ಹೊರತೆಗೆದು, ಗಿರಾಕಿ ಕೊಟ್ಟ ಮಾದರಿಯ ಪಕ್ಕ ಇಟ್ಟು ನೋಡಿ, "ಚಾಚಾ, ಇನ್ನೂ ಸ್ವಲ್ಪ ಫೇಡ್ ಆಗಬೇಕು" ಎಂದೆ.

ಹೊಸ ಪ್ಯಾಂಟಿಗೆ ಹಳೆಯದರ ಬಣ್ಣ ತರುವುದು ನಮ್ಮ ಕೆಲಸ. ಮನೆಯಲ್ಲಿ ಅವ್ವ ಸೀರೆ ಮಾಸಿತು ಅನ್ನುತ್ತಾಳೆ, ಹೂವು ಬಾಡಿತು ಅನ್ನುತ್ತಾಳೆ. ಯೂನಿಟ್ಟಿನಲ್ಲಿ ಎಲ್ಲಕ್ಕೂ ಫೇಡ್. ಮೊಣಕಾಲಿಗೆ ಫೇಡ್, ಜೇಬಿನ ಅಂಚಿಗೆ ಫೇಡ್. ಇಸ್ತ್ರಿಯವರು ಕಿವಿಯ ಮೇಲೆ ಕೂದಲು ಸವರಿಸಿಕೊಂಡು ಬಂದರೆ ಅದೂ ಫೇಡ್. ಟ್ಯೂಬ್‌ಲೈಟ್ ಮಂಕಾದರೆ ಲೈಟ್ ಫೇಡ್. ಮಶೀನು ನೋಡಿಕೊಳ್ಳುವ ಚಾಚಾ ವಿಜಯಪುರದ ಕಡೆಯವರು. ತಮ್ಮ ಮೂಗನ್ನೂ ಬಿಟ್ಟಿರಲಿಲ್ಲ. "ಇಪ್ಪತ್ತು ವರ್ಷ ಬ್ಲೀಚ್ ಕುಡದೈತಿ ಇದು. ಫುಲ್ ಫೇಡ್. ಮನ್ಯಾಗ ಅನ್ನ ಹೊತ್ತಿದ್ದು ಬೀವಿ ಬೈದ ಮ್ಯಾಲೆ ಗೊತ್ತಾಗತೈತಿ."

ಚಾಚಾಗೆ ಓದಲು ಬಾರದು. ಬ್ಲೀಚಿನ ಕ್ಯಾನು, ಆ್ಯಸಿಡ್ಡಿನ ಕ್ಯಾನು ಎರಡೂ ನೀಲಿ, ಎರಡೂ ಒಂದೇ ಅಳತೆ. ಬರೆದು ಅಂಟಿಸಿದ ಲೇಬಲ್ಲು ಅಲ್ಲಿಯ ಹಬೆಗೆ ಒಂದು ವಾರ ಬಾಳುತ್ತಿರಲಿಲ್ಲ. ಹಾಗಾಗಿ ಆ್ಯಸಿಡ್ಡಿನ ಹಿಡಿಕೆಗೆ ಕೆಂಪು ಚಿಂದಿ, ಬ್ಲೀಚಿಗೆ ಬಿಳಿ ಚಿಂದಿ ಕಟ್ಟುವ ಪದ್ಧತಿ. ಬಣ್ಣ ತೆಗೆಯುವುದೇ ಕಸುಬಾದ ಜಾಗದಲ್ಲಿ ನಾವು ಬಣ್ಣವನ್ನು ನಂಬಿಕೊಂಡಿದ್ದೆವು. ಕೆಂಪು ಚಿಂದಿ ಗುಲಾಬಿಯಾದದ್ದನ್ನು ನಾನು ನೋಡಿದ್ದೆ. ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಮಾಡಿದವಳು ನಾನು, ಚಿಂದಿ ಬದಲಿಸುವುದು ನನ್ನ ಕೆಲಸ. ಸೋಮವಾರ ಬದಲಿಸಿದರಾಯಿತು ಅಂದುಕೊಂಡೆ. ಹಾಗೆ ಎರಡು ಸೋಮವಾರ ಹೋದವು. ಅಷ್ಟರಲ್ಲಿ ಕೆಂಪು ಚಿಂದಿಯೂ ಬೆಳ್ಳಗಾಗಿತ್ತು.

"ಇನ್ನೆಷ್ಟ ಫೇಡ್ ಮಾಡಸ್ತೀ ಬೇಟಾ? ಕಡೀಕ ಪ್ಯಾಂಟ್ ಇಲ್ಲದ ಬರೇ ಗುಂಡಿ ಪ್ಯಾಕ್ ಮಾಡಿ ಕಳಸೂಣು" ಎಂದು ನಗುತ್ತ ಚಾಚಾ ಬ್ಲೀಚ್ ಎಂದುಕೊಂಡು, ಮೊದಲೇ ಬ್ಲೀಚ್ ಇದ್ದ ಮಶೀನಿಗೆ ಮಗ್ಗಿನ ತುಂಬ ಆ್ಯಸಿಡ್ ಸುರಿದರು.

ಮಶೀನಿನ ಬಾಯಿಯಿಂದ ಹಳದಿ ಹಸಿರಿನ ಹೊಗೆ ಎದ್ದಿತು. ನಾನು ಮಾದರಿ ಇಟ್ಟಿದ್ದ ಬಾಗಿಲ ಹತ್ತಿರ, ಹತ್ತು ಹೆಜ್ಜೆ ದೂರದಲ್ಲಿದ್ದೆ. ಅದು ಕ್ಲೋರಿನ್ ಎಂದು ಕಂಡ ಕೂಡಲೇ ಗೊತ್ತಾಯಿತು. ಬಾಯಿ ಮಾತ್ರ ತೆರೆಯಲಿಲ್ಲ. ಏನಾಯಿತೆಂದು ನೋಡಲು ಚಾಚಾ ತಲೆ ಬಗ್ಗಿಸಿದರು. ಆಮೇಲೆ ನಾನು ಕೂಗಿದೆ. ಇಸ್ತ್ರಿಯವರಿಬ್ಬರು ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಅವರನ್ನು ಎಳೆದು ತಂದರು.

ಚಾಚಾ ಬದುಕಿದರು. ಆದರೆ ಉಸಿರು ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅವರ ಹೆಂಡತಿಯ ಪಕ್ಕ ಕೂತು, "ಚಾಚಿ, ಚಿಂದಿ ನಾ ಬದಲಸಬೇಕಿತ್ತು" ಎಂದೆ.

"ಹೌದು, ಬದಲಸಬೇಕಿತ್ತು" ಎಂದರು ಚಾಚಿ. ಆಮೇಲೆ ನನ್ನ ಕಡೆ ತಿರುಗಿ, "ಮುಂಜಾನಿಂದ ಏನರ ತಿಂದೀಯೇನ?"

ನಾಲ್ಕನೇ ದಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎದೆಯಲ್ಲಿದ್ದ ಕಲೆ ಫೇಡ್ ಆಗುತ್ತಿದೆ ಎಂದರು. ಮಾದರಿಯ ಪ್ಯಾಂಟು ನೋಡುವ ಅಭ್ಯಾಸದಲ್ಲೇ ನಾನು ಕಣ್ಣು ಕಿರಿದು ಮಾಡಿ ನೋಡಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ.

ಬೊರಿವಲಿಯ ಮನೆಯಲ್ಲಿ ದಿನವೂ ನಡುರಾತ್ರಿ ಎಚ್ಚರವಾಗುತ್ತಿತ್ತು. ಹೊಗೆ ಕಾಣುತ್ತಿರಲಿಲ್ಲ, ಬಗ್ಗಿದ ಆ ತಲೆ ಮಾತ್ರ ಕಾಣುತ್ತಿತ್ತು. ಪ್ರತಿ ಸಲವೂ ಒಂದು ಕ್ಷಣ ಮೊದಲೇ ಕೂಗಲು ನೋಡುತ್ತಿದ್ದೆ. ಆ್ಯಸಿಡ್ಡನ್ನು ಬೇರೆ ಕೋಣೆಯ ಗುಂಡನೆಯ ಡಬ್ಬಿಗಳಿಗೆ ಹಾಕಿಸಿ ಬೀಗ ಜಡಿದ ಮೇಲೂ ಹಾಗೇ ಇತ್ತು.

ಏಳನೇ ವಾರದ ಗುರುವಾರ ಮಧ್ಯಾಹ್ನ ಫೋನು ಬಂತು. ಲೋಕಲ್ ಟ್ರೇನಿನ ಗದ್ದಲ, ಅದರ ನಡುವೆ ಚಾಚಾ.

"ಸ್ಟೇಶನ್ ಪುಲ್‌ನ ಮೆಟ್ಟಲಾ ಎಲ್ಲಾ ಹತ್ತಿ ಇಳದೆ ಬೇಟಾ. ನಡುವ ಎಲ್ಲೂ ನಿಂತಿಲ್ಲ. ಹಿಂದ ಇದ್ದಾಂವ ದೂಡಾಕತ್ತಿದ್ದ, ನಿಲ್ಲಾಕ ಬಿಡಬೇಕಲ್ಲ."

ಅವರು ನಕ್ಕರು. ನಗು ಕೆಮ್ಮಾಗುತ್ತದೆಂದು ಕಾದೆ. ಆಗಲಿಲ್ಲ.

ಆ ರಾತ್ರಿ ಊಟವಾದ ಕೂಡಲೇ ಮಲಗಿದೆ. ಅವ್ವ ಎಬ್ಬಿಸಿದಾಗ ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲು ಬಂದಿತ್ತು, ನನ್ನ ಲೋಕಲ್ ಹೋಗಿಯಾಗಿತ್ತು.