ಮೂರು ಗುಂಡಿಯ ಹಸಿರು ಚೀಲ

ಕೆಟ್ಟ ಹಾರ್ಡ್ ಡಿಸ್ಕಿನ ಹೊಟ್ಟೆಯಿಂದ ಜನರ ಫೋಟೊ, ಪತ್ರ, ಪ್ರಬಂಧಗಳನ್ನು ಹೊರಗೆಳೆದು ಕೊಡುವುದು ಅವನ ಕಸುಬು. ಬೀದಿಯವರು ಅವನನ್ನು ‘ಡಿಸ್ಕ್ ಡಾಕ್ಟರು’ ಎಂದು ಕರೆದದ್ದು ತಮಾಷೆಗೆ. ಅವನು ಅದನ್ನು ಪದವಿಯೆಂದುಕೊಂಡು ಬಿಳಿ ಕೋಟು ಹೊಲಿಸಿಕೊಂಡ. ಹೊಲಿದುಕೊಟ್ಟವಳು ಹೆಂಡತಿಯೇ.

ಅಂಗಡಿಯೆಂದರೆ ಒಂದು ಉದ್ದ ಮೇಜು, ಎರಡು ಸ್ಟೂಲು, ಕಿಟಕಿಯಿಲ್ಲದ ಗೋಡೆಗಳು. ಗೋಡೆಯ ಮೇಲೊಂದು ಫಲಕ: ‘ಎರಡು ಕಡೆ ಇಲ್ಲದ್ದು ನಿಮ್ಮದಲ್ಲ.’ ನಕಲು ಇಟ್ಟುಕೊಳ್ಳದೆ ಅಳುಮೋರೆ ಹೊತ್ತು ಬಂದ ಗಿರಾಕಿಯನ್ನು ಮೊದಲು ಅದರ ಕೆಳಗೆ ನಿಲ್ಲಿಸಿ, ಗಟ್ಟಿಯಾಗಿ ಓದಿಸಿ, ಆಮೇಲೆಯೇ ಡಿಸ್ಕ್ ಮುಟ್ಟುತ್ತಿದ್ದ. ಒಬ್ಬ ನಿವೃತ್ತ ನ್ಯಾಯಾಧೀಶರನ್ನೂ ಬಿಟ್ಟಿರಲಿಲ್ಲ. ಅವರು ತೊದಲಿದರೆಂದು ಎರಡು ಸಲ ಓದಿಸಿದ್ದ.

ಹೆಂಡತಿ ದರ್ಜಿ. ಅಂಗಡಿಯ ಸಿದ್ಧ ಉಡುಪು ಒಪ್ಪದ ಮೈಗಳಿಗೆ ಹೊಲಿಯುವವಳು: ಒಂದು ಕೈಯ ಪೋಸ್ಟ್‌ಮನ್, ಗೂನು ಬೆನ್ನಿನ ಗಡಿಯಾರದಜ್ಜ, ಇನ್ನೂ ಎಷ್ಟೋ ಜನ. ಹನ್ನೊಂದು ವರ್ಷದ ಅಳತೆ, ನಕ್ಷೆಗಳೆಲ್ಲ ಕಾಗದದಲ್ಲಿ ಕಪಾಟು ತುಂಬಿದ್ದವು. “ಇದೇನು ಮನೆಯೋ, ಗುಜರಿ ಅಂಗಡಿಯೋ?” ಎಂದು ಅವನೇ ಅವನ್ನೆಲ್ಲ ಸ್ಕ್ಯಾನ್ ಮಾಡಿ, ಒಂದು ಡಿಸ್ಕಿಗೆ ತುಂಬಿ, ಕಾಗದಗಳನ್ನು ರದ್ದಿಗೆ ಹಾಕಿದ್ದ. ಅವಳು ಆ ಡಿಸ್ಕಿಗೆ ಹಸಿರು ಚೀಲವೊಂದನ್ನು ಹೊಲಿದು ಮೂರು ಗುಂಡಿ ಇಟ್ಟಳು.

“ರೀ, ಇನ್ನೊಂದು ನಕಲು ತೆಗೆದಿಟ್ಟಿದ್ದೀರಾ?” ಎಂದು ತಿಂಗಳಿಗೊಮ್ಮೆ ಕೇಳುವಳು.

“ಡಾಕ್ಟರ ಹೆಂಡ್ತಿ ನೆಗಡಿಗೆ ಹೆದರ್ತಾಳಾ?” ಎನ್ನುವನು. ತೆಗೆದಿರಲಿಲ್ಲ.

ಆ ಬೆಳಿಗ್ಗೆ ಅವಳು ಪೋಸ್ಟ್‌ಮನ್ನನ ಅಂಗಿಯ ನಕ್ಷೆ ಬೇಕೆಂದಳು. ಅವನು ಆ ಡಿಸ್ಕನ್ನು ಅಂಗಡಿಗೆ ತಂದು ಜೋಡಿಸಿದರೆ ಅದು ಟಕ್ ಟಕ್ ಎಂದಿತು. ಅದು ಸಾಯುವ ಡಿಸ್ಕಿನ ಸದ್ದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅತ್ತಿತ್ತ ವಾಲಿಸಿ ನೋಡಿದ. ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ತಂತಿ ಸೇರುವ ಜಾಗವನ್ನು ಬಲ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಓದುತ್ತಿತ್ತು. ರಬ್ಬರ್ ಬ್ಯಾಂಡಿಗೆ ಬಗ್ಗಲಿಲ್ಲ, ಬಟ್ಟೆಯ ಕ್ಲಿಪ್ಪಿಗೂ ಬಗ್ಗಲಿಲ್ಲ. ಒಮ್ಮೆ ನಿಂತರೆ ಮತ್ತೆ ತಿರುಗುವ ಭರವಸೆಯಿಲ್ಲ. ಹೀಗಾಗಿ ಒಂಬತ್ತು ಗಂಟೆಯಿಂದ ಡಾಕ್ಟರ್ ರೋಗಿಯ ಕೈಗೆ ಸಿಕ್ಕಿಬಿದ್ದಿದ್ದ. ಮೂಗು ತುರಿಸಿದರೆ ಭುಜಕ್ಕೆ ಉಜ್ಜಿಕೊಳ್ಳಬೇಕು. ಮಧ್ಯಾಹ್ನ ಒಂದಕ್ಕೆ ನೂರರಲ್ಲಿ ಮೂವತ್ತೊಂದು ಪಾಲು ನಕಲಾಗಿತ್ತು.

ಹಸಿರು ಚೀಲ ಮೇಜಿನ ಆ ತುದಿಯಲ್ಲಿತ್ತು, ಒಂದೂವರೆ ಮಾರು ದೂರ. ಅದನ್ನು ಮರೆಮಾಡಲು ಕಾಲು ಚಾಚಿದ, ಎಟುಕಲಿಲ್ಲ. ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ಬಂದು ಸರಿಯಾಗಿ ಅಲ್ಲೇ ಸ್ಟೂಲು ಎಳೆದು ಕೂತಳು.

“ಯಾರದ್ರೀ ಅದು?”

“ಯಾರೋ ಗಿರಾಕಿದು,” ಎಂದ, ಪರದೆಯಿಂದ ಕಣ್ಣು ಕೀಳದೆ.

“ನಕಲು ಇಟ್ಕೊಂಡಿರಲಿಲ್ವಂತಾ?”

“ಇಲ್ವಂತೆ. ಶುದ್ಧ ಬೇಜವಾಬ್ದಾರಿ ಮನುಷ್ಯ. ಇಂಥೋರಿಗೆಲ್ಲ...”

“ಫಲಕ ಓದಿಸಿದ್ರಾ?”

“ಓದಿಸ್ದೆ.”

“ಎಷ್ಟು ಸಲ?”

ತಿರುಗಿ ನೋಡಿದ. ಹಸಿರು ಚೀಲ ಅವಳ ಮಡಿಲಲ್ಲಿತ್ತು. ಅವಳು ಮೂರೂ ಗುಂಡಿಗಳನ್ನು ಒಂದೊಂದಾಗಿ ಹಾಕಿ ಒಂದೊಂದಾಗಿ ಬಿಚ್ಚುತ್ತಿದ್ದಳು.

“ಪೋಸ್ಟ್‌ಮನ್ ಬಂದ್ರಾ?” ಎಂದಳು, ಪರದೆಯ ಕಡೆ ನೋಡುತ್ತ.

“ಬಂದ್ರು.”

“ಗಡಿಯಾರದಜ್ಜ?”

“ಇನ್ನೂ ಇಲ್ಲ.”

“ಅವರು ಹಾಸಿಗೆ ಹಿಡಿದಿದಾರೆ. ಎಬ್ಬಿಸಿ ನಿಲ್ಲಿಸಿ ಮತ್ತೆ ಅಳತೆ ತಗೊಳ್ಳೋಕಾಗಲ್ಲ. ಮೊಮ್ಮಗಳ ಮದುವೆಗೆ ಕೋಟು ಬೇಕು ಅಂತ ಆಸೆ ಇಟ್ಕೊಂಡಿದಾರೆ.”

“ಕೈ ಜೋಮು ಹಿಡಿದಿದೆ ಕಣೇ. ಒಂದು ನಿಮಿಷ ಹಿಡ್ಕೋತೀಯಾ?”

“ಅಯ್ಯಪ್ಪ, ಬೇಡ. ನನ್ನ ಕೈಲಿ ನಿಂತುಹೋದ್ರೆ ನಾನೇ ಕೆಡಿಸ್ದೆ ಅಂತೀರಿ. ಆ ಫಲಕ ಓದಿ, ಗಟ್ಟಿಯಾಗಿ.”

ಓದಿದ.

“ಇನ್ನೊಂದು ಸಲ. ನ್ಯಾಯಾಧೀಶರಿಗಿಂತ ನೀವೇನು ದೊಡ್ಡೋರಾ?”

ಓದಿಸಿ, ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದು, ಅವನ ಬಾಯಿಗೊಂದು ತುತ್ತಿಟ್ಟಳು. ಆಮೇಲೆ ಕಂದು ಕಾಗದ ಹರಡಿ ಪೆನ್ಸಿಲ್ ತೆಗೆದಳು. ಅವನು ಎಡಗೈಯಲ್ಲಿ, ಬಂದ ನಕ್ಷೆಗಳನ್ನು ಒಂದೊಂದಾಗಿ ಪರದೆಯ ಮೇಲೆ ತೆರೆಯಬೇಕು. ಅವಳು ಅಳತೆಗಳನ್ನು ಕಾಗದಕ್ಕೆ ಇಳಿಸಿಕೊಳ್ಳಬೇಕು.

ಐದು ಗಂಟೆಗೆ, ಎಂಬತ್ತಾರು ಪಾಲು ನಕಲಾದಾಗ, ಡಿಸ್ಕ್ ನಿಂತುಹೋಯಿತು. ಅಜ್ಜನ ಬೆನ್ನು ಬಂದಿತ್ತು, ಎದೆ ಬಂದಿತ್ತು, ಬಲತೋಳು ಬಂದಿತ್ತು. ಎಡತೋಳು ಬಂದಿರಲಿಲ್ಲ.

ಅವಳು ಕಣ್ಣು ಮುಚ್ಚಿ, ಗಾಳಿಯಲ್ಲಿ ಆ ತೋಳನ್ನೊಮ್ಮೆ ಸವರಿದಂತೆ ಮಾಡಿ, ನೆನಪಿನಿಂದ ಗೆರೆ ಎಳೆಯತೊಡಗಿದಳು, ಅಳಿಸಿದಳು, ಮತ್ತೆ ಎಳೆದಳು. ಸತ್ತ ಡಿಸ್ಕಿನ ಮೇಲೊತ್ತಿದ ಹೆಬ್ಬೆರಳನ್ನು ಅವನು ತೆಗೆಯಲಿಲ್ಲ. ತೆಗೀರಿ ಎಂದು ಅವಳಿನ್ನೂ ಹೇಳಿರಲಿಲ್ಲ.