ನಾಗವೇಣಿ ಒತ್ತಿದ ಗುಂಡಿ

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾಗವೇಣಿಯ ಮನೆ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅವಳು ಮಾಡುವ ಕೆಲಸವೇನು ಎಂದರೆ ಮಾತ್ರ ತಡವರಿಸಿ, "ಅದೇ, ಕಂಪ್ಯೂಟರಿಂದು" ಎನ್ನುತ್ತಾರೆ. ಹದಿನೈದು ವರ್ಷದ ಹಿಂದೆ ಅವಳ ಡಿಟಿಪಿ ಸೆಂಟರಿನಲ್ಲಿ ಲಗ್ನಪತ್ರಿಕೆ ಮಾಡಿಸಿದವರಂತೂ ಈಗಲೂ ಅದೇ ನಡೆದಿದೆ ಎಂದುಕೊಂಡು ಕಿರಿ ಮಗಳ ಮದುವೆಗೂ ಬಾಗಿಲು ಬಡಿಯುತ್ತಾರೆ. ಅವರನ್ನು ಕೂರಿಸಿ ವಿವರಿಸುವಷ್ಟು ತ್ರಾಣ ಅವಳಲ್ಲಿ ಉಳಿದಿಲ್ಲ. ಎಷ್ಟೋ ಸಲ ಸುಮ್ಮನೆ ಪತ್ರಿಕೆ ಮಾಡಿಕೊಟ್ಟು ಕಳಿಸಿದ್ದಾಳೆ.

ಕೆಲಸ ಇಂಥದು. ಜಗತ್ತನ್ನೆಲ್ಲ ಒಂದೇ ಕಂಪನಿಯ ಅಂಗಳದಲ್ಲಿ ಕೂರಿಸಿ ಮಾತಾಡಿಸುವ ಜಾಲತಾಣ ಬೇಡ ಎನ್ನುವವರು ತಮ್ಮದೇ ಒಂದು ಪುಟ್ಟ ತಾಣ ಮಾಡಿಕೊಳ್ಳುತ್ತಾರೆ. ಒಂದು ತಾಣದಲ್ಲಿ ಇದ್ದವರು ಇನ್ನೊಂದು ತಾಣದವರನ್ನು ಫಾಲೋ ಮಾಡಬಹುದು. ಅವರು ಬರೆದದ್ದು ಇವರಿಗೆ ಕಾಣುತ್ತದೆ, ಇವರ ಉತ್ತರ ಅವರಿಗೆ ಮುಟ್ಟುತ್ತದೆ. ಸೊರಬ ಕಡೆಯ ಕುಪ್ಪಗಡ್ಡೆಯ ಹುಚ್ಚರಾಯಪ್ಪ, ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು, ಕೇಳಿದ ಕೂಡಲೇ ಹೇಳಿದ್ದರು: "ಊರೂರಿಗೆ ಪೋಸ್ಟಾಫೀಸು ಇದ್ದ ಹಾಂಗೆ, ಅಲ್ದನ?" ಆ ಪೋಸ್ಟಾಫೀಸುಗಳನ್ನು ಬಾಡಿಗೆಯ ಸರ್ವರಿನ ಮೇಲೆ ನಿಲ್ಲಿಸಿ, ಬೀಳದ ಹಾಗೆ ಕಾಯುವುದು ನಾಗವೇಣಿಯ ಕಸುಬು. ಹಣ ಕೊಟ್ಟವರಿಗೆ ತಮ್ಮ ತಾಣ ಇಪ್ಪತ್ನಾಲ್ಕು ಗಂಟೆಯೂ ಎದ್ದಿರಬೇಕು.

ಅಂಥವು ಮೂವತ್ತನಾಲ್ಕಿದ್ದವು. ಒಂದು ಪೋರ್ಚುಗಲ್ಲಿನ ಹೆಣಿಗೆಯವರದು, ಒಂದು ಪುಣೆಯ ಸೈಕಲ್ ಸವಾರರದು, ಒಂದು ಯಾರದೆಂದು ಅವಳಿಗೂ ಗೊತ್ತಿಲ್ಲ. ಯಾರೋ ಎಲ್ಲಿಂದಲೋ ಹಾಕಿದ ಫೋಟೋಗಳು ಬಂದು ಡಿಸ್ಕ್ ತುಂಬುತ್ತವೆ, ಒರೆಸಬೇಕು. ಬೈಗುಳದವರು, ಕಳ್ಳ ಜಾಹೀರಾತಿನವರು ನುಗ್ಗುತ್ತಾರೆ, ಓಡಿಸಬೇಕು. ತಂತ್ರಾಂಶದ ಹೊಸ ಆವೃತ್ತಿ ಬಂದರೆ ಮೂವತ್ತನಾಲ್ಕಕ್ಕೂ ಒಂದೊಂದಾಗಿ ಹಾಕಬೇಕು, ಹಾಕಿದ್ದು ಕೆಟ್ಟರೆ ಬೈಸಿಕೊಳ್ಳಬೇಕು. ಎಲ್ಲ ಸರಿಯಾಗಿ ನಡೆದ ದಿನ ಒಬ್ಬನೇ ಒಬ್ಬ ಪುಣ್ಯಾತ್ಮನೂ ಕಾಗದ ಬರೆಯುವುದಿಲ್ಲ. ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿರುವ ಗಂಡ ಸುರೇಶ, "ಕಾಣದೇ ಇರೋ ಊರಿಗೆಲ್ಲ ನೀನೊಬ್ಬಳೇ ವಾಚ್‌ಮನ್ ನೋಡು" ಎಂದು ನಗುತ್ತಿದ್ದ. ಮೊದಮೊದಲು ಅವಳೂ ನಗುತ್ತಿದ್ದಳು.

ಕಂಡ ಊರಿನವು ಎರಡೇ ಇದ್ದವು. ಒಂದು ಶಿಕಾರಿಪುರದ 'ಕೆರೆದಂಡೆ', ಅವಳಿಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಶಿವಮೂರ್ತಪ್ಪ ಮೇಷ್ಟ್ರು ನಡೆಸುವುದು. ಇನ್ನೊಂದು ಸೊರಬದವರ 'ಗುಡವಿ ಗೂಡು', ಹುಚ್ಚರಾಯಪ್ಪನವರದು. ಗುಡವಿ ಕೆರೆಗೆ ಬರುವ ಹಕ್ಕಿಗಳನ್ನು ಎಣಿಸಿ ಬರೆಯುವುದು ಅದರ ಮುಖ್ಯ ಕೆಲಸವಾದರೂ ಹಸುವಿನ ಕಾಯಿಲೆ, ಹಪ್ಪಳದ ಹದ, ಬಸ್ಸಿನ ವೇಳೆ ಎಲ್ಲವೂ ಅಲ್ಲಿ ಬರುತ್ತಿದ್ದವು. ಎರಡೂ ಕಡೆ ಸೇರಿ ನಾನೂರು ಜನ. ಶಿಕಾರಿಪುರದವರು ಸೊರಬದವರನ್ನೂ ಸೊರಬದವರು ಶಿಕಾರಿಪುರದವರನ್ನೂ ಫಾಲೋ ಮಾಡಿಕೊಂಡು ಬೀದಿಗೆ ಎದುರುಬದುರು ಮನೆಯವರ ಹಾಗಿದ್ದರು. ಬೆಳಗ್ಗೆ ಕಾಫಿಯ ಹೊತ್ತಿಗೆ ನಾಗವೇಣಿ ಈ ಎರಡನ್ನು ಮಾತ್ರ ಓದುತ್ತಿದ್ದಳು. ಉಳಿದ ಮೂವತ್ತೆರಡನ್ನು ಯಾಕಾದರೂ ಕಾಯುತ್ತೇನೆ ಎನ್ನಿಸಿದಾಗ, ಈ ಎರಡಕ್ಕಾಗಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಶ್ರಾವಣದಲ್ಲಿ ಹುಚ್ಚರಾಯಪ್ಪ, ಗುಡವಿಯಲ್ಲಿ ಈ ಸಲ ಬಿಳಿ ಕೆಂಬರಲು ಹಕ್ಕಿ ಮುನ್ನೂರ ಹನ್ನೆರಡು ಎಂದು ಬರೆದರು. ಶಿವಮೂರ್ತಪ್ಪ ಅದರ ಕೆಳಗೆ, "ಹಕ್ಕಿಗಳೆಲ್ಲ ಸರಿ ಇವೆ, ಎಣಿಸಿದವರ ಕನ್ನಡಕ ಒಮ್ಮೆ ಪರೀಕ್ಷೆ ಆಗಲಿ" ಎಂದು ಬರೆದರು. ತಮಾಷೆಗೇ ಬರೆದದ್ದು. ಆದರೆ ನಾನೂರು ಜನರ ಎದುರಿಗೆ ಬರೆದದ್ದು. ಹುಚ್ಚರಾಯಪ್ಪನವರಿಗೆ ಒಂದು ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಕುಪ್ಪಗಡ್ಡೆಯಿಂದ ಫೋನು ಬಂತು.

"ನಾಗವೇಣಿ, ಆ ಶಿಕಾರಿಪುರದೋರ ಸಹವಾಸ ನಮಗೆ ಬ್ಯಾಡ ಮಾರಾಯ್ತಿ. ನಾವು ಅವರ ಹತ್ರ ಮಾತು ಬಿಟ್ಟೀವಿ. ಅದಕ್ಕೆ ಏನೋ ಗುಂಡಿ ಇದೆ ಅಂದಿದ್ದೆಯಲ್ಲ, ಒತ್ತಿಬಿಡು."

"ಮಾವ, ಒಂದೆರಡು ದಿನ ತಡೀರಿ."

"ತಡೆಯೋ ಮಾತೇ ಇಲ್ಲ. ಒತ್ತು ನೀನು."

ಸುರೇಶನ ಕಡೆಯಿಂದ ದೂರದ ಸಂಬಂಧ, ಹಾಗಾಗಿ ಮಾವ. ಆ ಬೆಳಗ್ಗೆ ಪೋರ್ಚುಗಲ್ಲಿನವರ ತಾಣ ಮಲಗಿತ್ತು, ಪುಣೆಯವರು ಮೂರು ಸಲ ಬರೆದಿದ್ದರು, ಒಲೆಯ ಮೇಲೆ ಬೇಳೆ ಸೀಯುತ್ತಿತ್ತು. ಅಂಥ ಗುಂಡಿ ಎರಡಿದ್ದವು. ಮೆತ್ತಗಿನದನ್ನು ಒತ್ತಿದರೆ ಆ ಕಡೆಯವರ ಬರಹ ಈ ಕಡೆ ಮರೆಯಾಗುತ್ತದೆ, ಅಷ್ಟೇ. ಗಟ್ಟಿಯದನ್ನು ಒತ್ತಿದರೆ ಎರಡು ಊರಿನ ನಡುವಿನ ಫಾಲೋಗಳೆಲ್ಲ ಕಡಿದುಹೋಗುತ್ತವೆ. ಆಮೇಲೆ ತಡೆ ತೆಗೆದರೂ ಅವು ತಾವಾಗಿ ಕೂಡುವುದಿಲ್ಲ. ಇದನ್ನು ಅವಳು ಗಿರಾಕಿಗಳಿಗೆ ನೂರು ಸಲ ಹೇಳಿದ್ದಾಳೆ. ಆವತ್ತು ಮೆತ್ತಗಿನದು ಒತ್ತಿದರೆ ಮಾವ ಸಂಜೆ ಮತ್ತೆ ಫೋನು ಮಾಡಿ ಅದು ಕಾಣ್ತದೆ, ಇದು ಕಾಣ್ತದೆ ಎನ್ನುತ್ತಾರೆ ಎಂದುಕೊಂಡು, ಗಟ್ಟಿಯದನ್ನು ಒತ್ತಿ ಬೇಳೆ ಇಳಿಸಲು ಓಡಿದಳು.

ಅವಳು ಹೊರಗಿನವಳಾಗಿದ್ದರೆ ಈ ತಪ್ಪನ್ನು ಕ್ಷಮಿಸಬಹುದಿತ್ತು. ಈ ಸೀಮೆಯಲ್ಲಿ ಮಾತು ಬಿಡುವುದಕ್ಕೆ ಒಂದು ಕ್ರಮವಿದೆ, ಅದು ಅವಳಿಗೆ ಚೆನ್ನಾಗಿ ಗೊತ್ತು. ಮಾತು ಬಿಟ್ಟವರು ಎದುರಾದರೆ ಮುಖ ತಿರುಗಿಸುತ್ತಾರೆ, ಆದರೆ ಗದ್ದೆಗೆ ಬಿಡುವ ನೀರು ನಿಲ್ಲಿಸುವುದಿಲ್ಲ, ಸಾವಾದರೆ ಹೋಗದೆ ಇರುವುದಿಲ್ಲ. ಹದಿನೈದು ದಿನವೋ ತಿಂಗಳೋ ಆದ ಮೇಲೆ ಇಬ್ಬರಿಗೂ ಬೇಕಾದವರೊಬ್ಬರು ಕೂರಿಸಿ ಚಹಾ ಕುಡಿಸುತ್ತಾರೆ. ಮಾತು ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಶುರುವಾಗುತ್ತದೆ. ಮಾತು ಬಿಡುವುದೆಂದರೆ ಸಂಬಂಧ ಬಿಡುವುದಲ್ಲ. ಹುಚ್ಚರಾಯಪ್ಪ ಕೇಳಿದ್ದು ಮೊದಲನೆಯದನ್ನು, ಇವಳು ಮಾಡಿದ್ದು ಎರಡನೆಯದನ್ನು.

ಕ್ರಮದಂತೆಯೇ ಇಪ್ಪತ್ತನೇ ದಿನ ಶಿವಮೂರ್ತಪ್ಪನವರ ಹೆಂಡತಿ ರಾಜೇಶ್ವರಮ್ಮ ಇಬ್ಬರನ್ನೂ ಎರಡು ಊರಿನ ನಡುವಿನ ಶಿರಾಳಕೊಪ್ಪದ ಹೋಟೆಲಿಗೆ ಕರೆಸಿ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿದರು. ಮೇಷ್ಟ್ರು, ಕಣ್ಣಿನ ವಿಷಯ ಗೊತ್ತಿರಲಿಲ್ಲ ಎಂದು ಕೈ ಹಿಡಿದುಕೊಂಡರಂತೆ. ಹುಚ್ಚರಾಯಪ್ಪ ಹೋಟೆಲಿನಿಂದಲೇ ಫೋನು ಮಾಡಿ, "ತೆಗೆದುಬಿಡು ಆ ಗುಂಡಿನ" ಎಂದರು. ನಾಗವೇಣಿ ತಡೆ ತೆಗೆದಳು. ಫಾಲೋಗಳೆಲ್ಲ ಕಡಿದೇ ಇವೆ ಎಂಬುದನ್ನು ಆವತ್ತೇ ಹೇಳಬೇಕಿತ್ತು. ಇಬ್ಬರ ದನಿಯೂ ಅಷ್ಟು ಖುಷಿಯಲ್ಲಿತ್ತು, ಹೇಳಲಿಲ್ಲ.

ವಾರ ಕಳೆಯುವಷ್ಟರಲ್ಲಿ ಎರಡೂ ಕಡೆ ಮುಖಗಳು ಊದಿಕೊಂಡವು. ಮೊದಲು ಮೇಷ್ಟ್ರೇ ಮನೆಗೆ ಬಂದರು.

"ನಾಗವೇಣಿ, ಒಂದು ವಿಷಯ ಕೇಳ್ತೀನಿ, ಯಾರಿಗೂ ಹೇಳಬ್ಯಾಡ. ಸೊರಬದವರು ಒಬ್ಬರೂ ನನ್ನ ಫಾಲೋ ಮಾಡ್ತಾ ಇಲ್ಲ. ಹುಚ್ಚರಾಯಪ್ಪನೋರೂ ಇಲ್ಲ. ಎದುರಿಗೆ ಕೈ ಹಿಡಿದು, ಹಿಂದೆ ಹಿಂಗೆ ಮಾಡೋದಾ? ನಮ್ಮ ಮನೆಯಾಕಿ ಅಷ್ಟು ಮಾಡಿದ್ದೆಲ್ಲ ನೀರಾಗೆ ಹೋತು."

"ನೀವೇ ಒಮ್ಮೆ ಅವರನ್ನ ಫಾಲೋ ಮಾಡ್ರಿ ಸರ್."

"ಬಿಟ್ಟವರು ಅವರು. ನಾನ್ಯಾಕೆ ಮಾಡ್ಲಿ?"

ಕುಪ್ಪಗಡ್ಡೆಯಿಂದಲೂ ಇದೇ ದೂರು ಬಂತು, ಹೆಸರು ಮಾತ್ರ ಅದಲುಬದಲು. ಹೊಸ ಆವೃತ್ತಿಯಲ್ಲಿ, ಇಂತಿಂಥ ಸಂಬಂಧ ಕಡಿದಿದೆ ಎಂದು ತಾಣವೇ ಎಲ್ಲರಿಗೂ ತಿಳಿಸುವ ಏರ್ಪಾಡಿತ್ತು. ಇವರಿಬ್ಬರ ತಾಣಕ್ಕೆ ಆ ಆವೃತ್ತಿ ಹಾಕುವುದನ್ನು ಅವಳು, ನಮ್ಮವರೇ ತಾನೇ, ಕಾಯುತ್ತಾರೆ ಎಂದು ಎರಡು ತಿಂಗಳಿಂದ ಮುಂದೂಡುತ್ತಿದ್ದಳು.

ಅವಳ ಮುಂದೆ ಒಂದು ಸುಲಭದ ದಾರಿ ಇತ್ತು. ಗುಂಡಿ ಒತ್ತಿದ ಹಿಂದಿನ ದಿನದ ಬ್ಯಾಕಪ್ ಅವಳ ಬಳಿ ಇತ್ತು. ಯಾರು ಯಾರನ್ನು ಫಾಲೋ ಮಾಡುತ್ತಿದ್ದರೆಂದು ಅದರಲ್ಲಿ ಸಾಲಾಗಿ ಬರೆದಿತ್ತು. ಒಳಗಿನಿಂದ ಕೈ ಹಾಕಿ ಎಲ್ಲವನ್ನೂ ಇದ್ದ ಹಾಗೆ ಕೂರಿಸಿಬಿಡಬಹುದಿತ್ತು. ನಾನೂರು ಜನರ ಹೆಸರಿನಲ್ಲಿ, ಅವರನ್ನು ಕೇಳದೆ. ದೊಡ್ಡ ಕಂಪನಿಯವರು ಹೀಗೆ ಮಾಡುತ್ತಾರೆ ಎಂದೇ ತಾನೇ ಈ ಜನ ಇವಳ ಬಾಗಿಲಿಗೆ ಬಂದದ್ದು. ಇನ್ನೊಂದು ದಾರಿ ನಿಜ ಹೇಳುವುದು. ಹೇಳಿದರೆ ಎರಡೂ ತಾಣ ಕೈತಪ್ಪುತ್ತವೆ, ಅದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ಮೂವತ್ತನಾಲ್ಕರಲ್ಲಿ ಅವಳಿಗೆ ಬೇಕಾದವು ಆ ಎರಡೇ ಆಗಿದ್ದವು. ಎರಡು ದಿನ ಬ್ಯಾಕಪ್ಪಿನ ಕಡತ ತೆಗೆದು ನೋಡುವುದು, ಮುಚ್ಚುವುದು ಮಾಡಿದಳು. ಮೂರನೇ ದಿನ ಸೊರಬದ ಬಸ್ಸು ಹತ್ತಿದಳು.

ಹುಚ್ಚರಾಯಪ್ಪ ಅಂಗಳದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಅವಳು ನಿಂತುಕೊಂಡೇ ಹೇಳಿದಳು.

"ಮಾವ, ಮೇಷ್ಟ್ರು ನಿಮ್ಮನ್ನ ಬಿಟ್ಟಿಲ್ಲ. ನೀವೂ ಅವರನ್ನ ಬಿಟ್ಟಿಲ್ಲ. ಎಲ್ಲ ಕಡಿದಿದ್ದು ನಾನು. ಒತ್ತಬಾರದ ಗುಂಡಿ ಒತ್ತಿದೆ. ನಿಮಗೆ ಹೇಳೂ ಇಲ್ಲ."

"ಗೊತ್ತಾಗದೆ ಒತ್ತಿದೆಯನ?"

"ಇಲ್ಲ ಮಾವ. ಗೊತ್ತಿತ್ತು. ಸುಸ್ತಾಗಿತ್ತು, ಒತ್ತಿದೆ."

ಮುದುಕರು ಫೋನು ಹುಡುಕಿ ಶಿವಮೂರ್ತಪ್ಪನವರಿಗೆ ಹಚ್ಚಿ ಸ್ಪೀಕರಿಗೆ ಹಾಕಿದರು. "ಮೇಷ್ಟ್ರೇ, ನೀವು ಬಿಟ್ಟಿದ್ದಲ್ಲವಂತೆ ಕಣ್ರೀ!" ಆ ಕಡೆಯಿಂದ, "ನೀವೂ ಅಲ್ಲವಾ?" ಎಂಬ ಕೂಗು. ಇಬ್ಬರೂ ಹತ್ತು ನಿಮಿಷ ಒಬ್ಬರನ್ನೊಬ್ಬರು ಬೈದುಕೊಂಡು ನಕ್ಕರು, ಒಬ್ಬರ ಕಣ್ಣಿಗೆ ಹಾಕುವ ಔಷಧಿ, ಇನ್ನೊಬ್ಬರ ಸಕ್ಕರೆ ಕಾಯಿಲೆ ಎಲ್ಲ ವಿಚಾರಿಸಿಕೊಂಡರು. ನಾಗವೇಣಿ ಅಲ್ಲೇ ನಿಂತಿದ್ದು ಹುಚ್ಚರಾಯಪ್ಪನವರಿಗೆ ಮರೆತುಹೋಗಿತ್ತು. ಅವಳಿಗೆ ಹಗುರವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ನಾನೂರು ಜನರಿಗೂ ಅವರವರ ಹಳೆಯ ಪಟ್ಟಿ ಕಳಿಸಿ, ತಪ್ಪು ತನ್ನದೆಂದು ಬರೆದು, ಬೇಕೆನಿಸಿದವರು ಮತ್ತೆ ಫಾಲೋ ಮಾಡಿಕೊಳ್ಳಿ ಎಂದಳು. ಬಹುಪಾಲು ಜನ ಮಾಡಿಕೊಂಡರು. ತಿಂಗಳು ತುಂಬುವ ಮೊದಲು ಇಬ್ಬರೂ ಹಿರಿಯರು ಒಟ್ಟಿಗೆ ಅವಳ ಮನೆಗೆ ಬಂದರು. ಎರಡೂ ತಾಣ ಸೇರಿಸಿ ಒಂದೇ ಮಾಡುವುದು, ಹುಬ್ಬಳ್ಳಿಯ ಒಂದು ಸಂಸ್ಥೆಗೆ ನಡೆಸಲು ಕೊಡುವುದು ಎಂದು ತೀರ್ಮಾನವಾಗಿತ್ತು.

"ನಮಗೇನು ಸಿಟ್ಟಿಲ್ಲಮ್ಮ," ಎಂದರು ಮೇಷ್ಟ್ರು. "ಜನ ಒಪ್ತಾ ಇಲ್ಲ. ನಿನಗೂ ಭಾರ ಕಡಿಮೆ ಆಗ್ತೈತಿ."

ಭಾರ ಕಡಿಮೆಯಾಗುತ್ತದೆ ಎಂಬ ಮಾತಿಗೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ತೋರಿಸಲಿಲ್ಲ. ಚಹಾ ಕೊಟ್ಟಳು. ನಾಲ್ಕು ದಿನ ಕೂತು ಒಂದು ಫೋಟೋ ಕಳೆಯದ ಹಾಗೆ ಎಲ್ಲವನ್ನೂ ಕಟ್ಟಿ ಹುಬ್ಬಳ್ಳಿಗೆ ಕಳಿಸಿದಳು. ಐದನೇ ದಿನ ಬೆಳಗ್ಗೆ ಕಾಫಿ ಹಿಡಿದು ಕೂತರೆ ಓದಲು ಏನೂ ಇರಲಿಲ್ಲ. ಪೋರ್ಚುಗಲ್ಲಿನವರ ಡಿಸ್ಕ್ ತುಂಬಿತ್ತು. ಅವಳಿಗೆ ಅಳು ಬಂತು, ಅತ್ತಳು.

ಆಮೇಲೆ ಹೊಸ ತಾಣಕ್ಕೆ ಹೋಗಿ, ಬೇರೆಯವರ ಹಾಗೆಯೇ ಸದಸ್ಯತ್ವದ ಅರ್ಜಿ ತುಂಬಿದಳು. ಏಕೆ ಸೇರಬಯಸುತ್ತೀರಿ ಎಂಬಲ್ಲಿ, "ಸುಮ್ಮನೆ ಓದಲು" ಎಂದು ಬರೆದಳು. ಅರ್ಧ ಗಂಟೆಯಲ್ಲಿ ಒಪ್ಪಿಗೆ ಬಂತು. ಹಿಂದೆಯೇ ಹುಚ್ಚರಾಯಪ್ಪನವರ ಫೋನೂ ಬಂತು.

"ಅರ್ಜಿ ಎಂಥಕ್ಕೆ ಮಾರಾಯ್ತಿ, ಬಾ ಅಂದ್ರೆ ಆಯ್ತಪ್ಪ. ಅದಿರಲಿ, ಈ ಹೊಸಾದ್ರಲ್ಲಿ ನನ್ನ ಹಕ್ಕಿ ಫೋಟೋ ಹತ್ತತಾ ಇಲ್ಲ. ಹುಬ್ಬಳ್ಳಿಯೋರು ಫೋನು ಎತ್ತೂದಿಲ್ಲ. ಒಂಚೂರು ನೋಡು."

ಕೈ ತಾನಾಗಿ ಲ್ಯಾಪ್‌ಟಾಪಿನ ಕಡೆ ಹೋಯಿತು. ಅರ್ಧದಲ್ಲಿ ನಿಂತಿತು.

"ನಾಳೆ ನೋಡ್ತೀನಿ ಮಾವ. ಇವತ್ತು ಆಗಲ್ಲ, ಸುಸ್ತಾಗಿದೆ."

ಹೇಳಿದ ಮೇಲೆ ಅವಳಿಗೇ ಅಂಜಿಕೆಯಾಯಿತು. ಈ ಕಸುಬಿನ ಹನ್ನೊಂದು ವರ್ಷದಲ್ಲಿ ಯಾವ ಗಿರಾಕಿಗೂ ಆಡದ ಮಾತು ಅದು.

"ನಾಳೆ ಯಾಕೆ, ನಾಡಿದ್ದು ನೋಡಿದ್ರೂ ಆತು," ಎಂದರು ಹುಚ್ಚರಾಯಪ್ಪ. "ಹೋಗಿ ಮಲಗು ಮೊದಲು."

ಹೊರಗೆ ಹನ್ನೊಂದು ಗಂಟೆಯ ಬಿಸಿಲು. ನಾಗವೇಣಿ ಫೋನನ್ನು ಮಗುಚಿಟ್ಟು ಚಾಪೆ ಹಾಸಿಕೊಂಡು ಮಲಗಿದಳು.